ವಲಲನೂ ಭೀಮನೂ: ಮಂಡ್ಯ ಸೀಮೆಯ ರಂಗದಲ್ಲಿ ಮಾರುವೇಷದ ವೀರರು

ಮಾರುವೇಷದ ವೀರರಿಗೆ ಕನ್ನಡದಲ್ಲಿ ಮೂಲಕಥೆ ವಿರಾಟ ಪರ್ವ. ಭೀಮ ವಲಲನೆಂಬ ಅಡುಗೆಯವನಾಗಿ, ಅರ್ಜುನ ಬೃಹನ್ನಳೆಯಾಗಿ, ಧರ್ಮರಾಯ ಕಂಕನಾಗಿ ಒಂದು ವರ್ಷ ತಲೆಮರೆಸಿಕೊಂಡ ಈ ಭಾಗವನ್ನು, ಮಳೆ ಕೈಕೊಟ್ಟ ವರ್ಷಗಳಲ್ಲಿ ಕುಮಾರವ್ಯಾಸ ಭಾರತದಿಂದ ಓದಿಸುವ ರೂಢಿ ಹಳೇ ಮೈಸೂರಿನ ಹಳ್ಳಿಗಳಲ್ಲಿತ್ತು. ಪಾಂಡವಪುರದವರು ಪಾಂಡವರನ್ನು ಇನ್ನೂ ಹತ್ತಿರಕ್ಕೆ ಕರೆದುಕೊಂಡಿದ್ದಾರೆ. ವನವಾಸದಲ್ಲಿ ಅವರು ತಾಯಿಯೊಡನೆ ತಂಗಿದ್ದು ಊರ ಪಕ್ಕದ ಕುಂತಿಬೆಟ್ಟದಲ್ಲೇ ಎಂಬುದು ಅಲ್ಲಿನ ನಂಬಿಕೆ. ಇಷ್ಟಿದ್ದೂ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಪೌರಾಣಿಕ ನಾಟಕಗಳಲ್ಲಿ ವಲಲನಿಗೂ ಬೃಹನ್ನಳೆಗೂ ಸಿಕ್ಕ ಜಾಗ ಚಿಕ್ಕದು. ಅಲ್ಲಿ ಆಳುವುದು 'ಕುರುಕ್ಷೇತ್ರ'. ಕಥೆಯ ಮೇಲಿನ ಪ್ರೀತಿ ಕಡಿಮೆಯಾಗಿ ಹೀಗಾದದ್ದಲ್ಲ. ಕಾರಣ ನಟನೆಯ ಕ್ರಮದಲ್ಲೇ ಇದೆ.

ನಾಗಮಂಗಲದ ಕಡೆ ಬೇರುಬಿಟ್ಟಿರುವ ಮೂಡಲಪಾಯ ಬಯಲಾಟದಿಂದಲೇ ಈ ಕ್ರಮವನ್ನು ಗುರುತಿಸಬಹುದು. ಕಿರೀಟ, ಭುಜಕೀರ್ತಿ, ಎದೆಹಲಗೆ ಕಟ್ಟಿದ ವೇಷ ಕುಣಿಯುತ್ತ ರಂಗಕ್ಕೆ ಬರುತ್ತದೆ. ಸಾರಥಿ ಅದನ್ನು ತಡೆದು ಹೆಸರು, ಊರು, ಬಂದ ಕಾರಣ ಕೇಳುತ್ತಾನೆ. ವೇಷಧಾರಿ ತನ್ನ ಬಿರುದುಗಳನ್ನೆಲ್ಲ ಹೇಳಿಕೊಂಡ ಮೇಲೆಯೇ ಆಟ ಮುಂದೆ ಸಾಗುವುದು. ಹೆಸರು ಸಾರುವುದೇ ಪ್ರವೇಶವಾದ ರಂಗದಲ್ಲಿ ಹೆಸರು ಮುಚ್ಚಿಟ್ಟುಕೊಂಡವನಿಗೆ ದಾರಿ ಇಕ್ಕಟ್ಟು. ಆ ಭಾರದ ವೇಷದೊಳಗೆ ನಿಲುವು ಬದಲಿಸಿ ಬೇರೊಬ್ಬನಾಗುವುದಂತೂ ದೂರದ ಮಾತು.

ಕಂಪನಿ ನಾಟಕಗಳ ಪ್ರಭಾವದಲ್ಲಿ ಬೆಳೆದ ಹಳ್ಳಿಯ ಪೌರಾಣಿಕ ನಾಟಕ ವೇಷವನ್ನು ಹಗುರ ಮಾಡಿತು, ಗುರುತಿನ ಪ್ರಶ್ನೆಯನ್ನು ಮಾತ್ರ ಬೇರೆ ಕಡೆಗೆ ತಿರುಗಿಸಿತು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ ಕೃಷ್ಣನನ್ನೋ ದುರ್ಯೋಧನನನ್ನೋ ಪಡೆಯುವವರು ಕಬ್ಬು, ಭತ್ತ ಬೆಳೆಯುವ ರೈತರು, ಮೇಷ್ಟ್ರುಗಳು, ಅಂಗಡಿಯವರು. ಆಸೆಪಡುವವರು ಹೆಚ್ಚಾದರೆ ಒಂದೇ ರಾತ್ರಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರವನ್ನು ಹಂಚಿ ಕರಪತ್ರದಲ್ಲಿ ಹೆಸರು ಹಾಕಿಸುತ್ತಾರೆ. ಕಂದಪದ್ಯ ಮುಗಿಯುತ್ತಿದ್ದಂತೆ ನೆಂಟರು ರಂಗಕ್ಕೇರಿ ಹಾರ ಹಾಕಿ, ಎದೆಗೆ ನೋಟು ಸಿಕ್ಕಿಸಿ ಇಳಿಯುತ್ತಾರೆ. ಅಷ್ಟು ಹೊತ್ತು ದುರ್ಯೋಧನ ಕೈಮುಗಿದು ನಿಂತ ಭಾವಮೈದುನ. ಹಾರ ತೆಗೆದಿಟ್ಟು ಗದೆ ಹಿಡಿದ ಕೂಡಲೇ ಮತ್ತೆ ಕೌರವೇಶ್ವರ. ಕಿರೀಟದ ಕೆಳಗಿನ ಮುಖ ಯಾರದೆಂದು ಎಲ್ಲರಿಗೂ ಗೊತ್ತು, ಗೊತ್ತಿರುವುದರಲ್ಲೇ ಅವರ ಸಂತೋಷ.

ಈ ಬಹಿರಂಗದ ಇಬ್ಬಗೆ ಈ ಪರಂಪರೆಯ ಚೆಲುವೂ ಹೌದು, ಮಿತಿಯೂ ಹೌದು. ದುಡ್ಡು ಕೊಟ್ಟು ಒಂದು ರಾತ್ರಿಯ ಮಟ್ಟಿಗೆ ಕಿರೀಟ ಪಡೆದವನು ಅದನ್ನು ಕಳಚಿ ಸೌಟು ಹಿಡಿಯಲು ಯಾಕೆ ಒಪ್ಪಿಯಾನು? ವಲಲನ ಪಾತ್ರಕ್ಕೆ ಬೇಕಾದದ್ದು ತಗ್ಗಿದ ದನಿ, ಬಾಗಿದ ಹೆಗಲು, ಕೀಚಕನ ಹೆಸರು ಕಿವಿಗೆ ಬಿದ್ದಾಗ ಮಾತ್ರ ಬಿಗಿಯುವ ಕೈ. ಮೇಲಿನ ಷಡ್ಜದಲ್ಲಿ ನಿಂತು ಚಪ್ಪಾಳೆ ಗಿಟ್ಟಿಸುವ ಗಾಯನಪ್ರಧಾನ ಶೈಲಿ ಇಂಥದ್ದನ್ನು ಕಲಿಸಲಿಲ್ಲ. ಉತ್ತರಕುಮಾರನ ಪೌರುಷ ಗಾದೆಯಾಗಿ ಎಲ್ಲರ ಬಾಯಲ್ಲಿ ಉಳಿಯಿತು; ಅವನ ರಥ ಹೊಡೆದ ಬೃಹನ್ನಳೆಗೆ ಈ ರಂಗದಲ್ಲಿ ದೊಡ್ಡ ನಟರು ಹುಟ್ಟಲಿಲ್ಲ ಎಂದೇ ಹೇಳಬೇಕು.

ಒಬ್ಬ ಮಾತ್ರ ಇದಕ್ಕೆ ಹೊರತು: ಕರ್ಣ. ಅವನದು ಬೇಕೆಂದು ಹಾಕಿಕೊಂಡ ವೇಷವಲ್ಲ. ತಾನು ಕೌಂತೇಯನೆಂಬುದು ಅವನಿಗೇ ತಿಳಿಯದು. ಕೃಷ್ಣ ಬಂದು ಜನ್ಮರಹಸ್ಯ ಹೇಳುವ, ಕುಂತಿ ಬಂದು ಮಕ್ಕಳ ಪ್ರಾಣ ಬೇಡುವ ದೃಶ್ಯಗಳಲ್ಲಿ ಕಿರೀಟ ತೆಗೆಯುವ ಅಗತ್ಯವೇ ಇಲ್ಲ. ಬದಲಾಗಬೇಕಾದದ್ದು ಅದರ ಕೆಳಗಿನ ಮುಖ. ಪಳಗಿದ ನಟ ಇಲ್ಲಿ ಹಾಡನ್ನು ಅರ್ಧಕ್ಕೆ ಇಳಿಸಿ ಮಾತಿಗೆ ಬರುತ್ತಾನೆ. ಎಳೆಯ ನಟ ಎರಡು ಕಂದ ಹೆಚ್ಚಿಗೆ ಹಾಡಿ ದೃಶ್ಯ ಕೆಡಿಸುತ್ತಾನೆ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ ಇದೇ ಸಮಸ್ಯೆಯನ್ನು ಬರಹದಲ್ಲೇ ಬಿಡಿಸಲು ನೋಡಿದರು. ಅವರ ಗೀತನಾಟಕ 'ಗೋಕುಲ ನಿರ್ಗಮನ'ದ ಕೃಷ್ಣ ಗೊಲ್ಲರ ಹುಡುಗನಾಗಿದ್ದು ಮಥುರೆಯ ಕರೆಗೆ ಓಗೊಡುವವನು. ಒಂದು ಗುರುತು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕೆಂಬ ಸಂಕಟವೇ ಅಲ್ಲಿ ನಾಟಕ. ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದರು. ಊರಹಬ್ಬದ ನಾಟಕಗಳ ಮೇಲೆ ಅದರ ನೆರಳು ಬಿದ್ದಂತಿಲ್ಲ.

ತೆರೆಯ ಮೇಲೆ ಗುರುತು ಬದಲಿಸುವ ಈ ಕೆಲಸ ಕ್ಯಾಮೆರಾದ ಸಹಾಯದಿಂದ ಸುಲಭವಾಯಿತು. ರಿಚರ್ಡ್ ಡಾನರ್ ನಿರ್ದೇಶನದ 1978ರ 'ಸೂಪರ್‌ಮ್ಯಾನ್'ನಲ್ಲಿ ಕ್ರಿಸ್ಟೋಫರ್ ರೀವ್, ನಾಯಕಿ ಲೋಯಿಸಳ ಮನೆಯಲ್ಲಿ ಒಂದು ಕ್ಷಣ ಕನ್ನಡಕ ತೆಗೆದು ಬೆನ್ನು ನೆಟ್ಟಗೆ ಮಾಡಿ, ತಾನೇ ಸೂಪರ್‌ಮ್ಯಾನ್ ಎಂಬ ನಿಜ ಹೇಳಲು ಹೊರಟು, ಮನಸ್ಸು ಬದಲಿಸಿ ಮತ್ತೆ ಕುಗ್ಗುತ್ತಾನೆ. ಬಟ್ಟೆ ಬದಲಾಗದೆ ಆಳೇ ಬದಲಾಗುತ್ತಾನೆ. ತೆಲುಗಿನ 'ನರ್ತನಶಾಲ'ದಲ್ಲಿ (1963) ಎನ್.ಟಿ. ರಾಮರಾವ್ ಬೃಹನ್ನಳೆಯಾಗಲು ನೃತ್ಯ ಕಲಿತರು. ಗಡಸು ನಾಯಕನ ಮೈಯನ್ನೇ ಪಳಗಿಸಿಕೊಂಡ ಆ ಶ್ರಮ ತೆರೆಯ ಮೇಲೆ ಕಾಣುತ್ತದೆ.

ಕನ್ನಡದಲ್ಲಿ ಈ ಹೊಣೆ ಬಿದ್ದದ್ದು ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದ ರಾಜ್‌ಕುಮಾರ್ ಹೆಗಲಿಗೆ. 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು ವೇಷ ಮರೆಸಿಕೊಂಡು ತಿರುಚಿರಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಕೆಡವಿದರೆಂಬ ಐತಿಹ್ಯವಿದೆ. 1960ರ 'ರಣಧೀರ ಕಂಠೀರವ'ದಲ್ಲಿ ಆ ಅರಸನಾದ ರಾಜ್‌ಕುಮಾರ್‌ಗೆ ಕಂಪನಿಯ ದನಿ ಇನ್ನೂ ಬಿಟ್ಟಿರಲಿಲ್ಲ. ದೇವುಡು ಅವರ ಕಾದಂಬರಿ ಆಧರಿಸಿದ 'ಮಯೂರ'ದ (1975) ಹೊತ್ತಿಗೆ ಬ್ರಾಹ್ಮಣ ತರುಣನಾಗಿ ಬೆಳೆದವನು ಕದಂಬರ ಅರಸುಮಗನೆಂದು ತಿಳಿದುಕೊಳ್ಳುವ ಏರಿಕೆಯನ್ನು ಅವರು ದೇಹದಲ್ಲೂ ಹಿಡಿದರು. 'ಬಬ್ರುವಾಹನ'ದಲ್ಲಿ (1977) ಸವಾಲು ತಿರುವುಮುರುವು: ಒಬ್ಬನೇ ನಟ ಅರ್ಜುನನೂ ಅವನ ಮಗನೂ ಆಗಿ ಎದುರುಬದುರು ನಿಲ್ಲಬೇಕು. ಅಲ್ಲಿನ ವಾಗ್ವಾದ ಹಳ್ಳಿಯ ನಾಟಕದ ಪ್ರೇಕ್ಷಕರಿಗೆ ಕಿವಿಯಿಂದಲೇ ಒಗ್ಗಿಹೋಗುವಂಥದ್ದು.

ರಾಜ್‌ಕುಮಾರ್ ನಂತರ ಆ ಸೂಕ್ಷ್ಮ ಮುಂದುವರಿಯಲಿಲ್ಲ. 2019ರಲ್ಲಿ ತೆರೆಕಂಡ 'ಕುರುಕ್ಷೇತ್ರ'ದಲ್ಲಿ ದರ್ಶನ್ ದುರ್ಯೋಧನ, ಅರ್ಜುನ್ ಸರ್ಜಾ ಕರ್ಣ, ರವಿಚಂದ್ರನ್ ಕೃಷ್ಣ. ಪಾತ್ರಕ್ಕಿಂತ ತಾರೆಯ ಗುರುತು ಮುಂದಾದದ್ದು ದೋಷವೆಂದೇ ಎಣಿಸಬೇಕು. ಆದರೂ ಅದು ಈ ಸೀಮೆಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ತೀರಿಕೊಂಡ ಮರುವರ್ಷ ಅದರಲ್ಲಿ ಭೀಷ್ಮನಾಗಿ ಕಾಣಿಸಿಕೊಂಡಾಗ, ಮಂಡ್ಯದವರಿಗೆ ಭೀಷ್ಮನಿಗಿಂತ ಮೊದಲು ಕಂಡದ್ದು ತಮ್ಮ ಜಿಲ್ಲೆಯ ಅಂಬರೀಶಣ್ಣನೇ.