ಕಡತ, ಸಹಿ ಮತ್ತು ನೆಲ: ಮಂತ್ರಿ ನಾಯಕತ್ವದ ಕನ್ನಡ ಕಥನಗಳು

ಮಂತ್ರಿಯಾದವರು ಅಧಿಕಾರವನ್ನು ಹೇಗೆ ಅನುಭವಿಸುತ್ತಾರೆ, ಅದನ್ನು ನಾಯಕತ್ವವಾಗಿ ಹೇಗೆ ರೂಪಾಂತರಿಸುತ್ತಾರೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಬಹುಮಟ್ಟಿಗೆ ರಾಜ್ಯಶಾಸ್ತ್ರಕ್ಕೆ ಒಪ್ಪಿಸಿ ಸುಮ್ಮನಾಗಿದೆ. ಆದರೆ ಕನ್ನಡ ಗದ್ಯವು ಈ ಪ್ರಶ್ನೆಯನ್ನು ತನ್ನದೇ ಬಗೆಯಲ್ಲಿ ಎದುರಿಸಿದೆ. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಮೈಸೂರಿನ ದಿವಾನರಿಗೆ ಮೀಸಲಾದ ಸಂಪುಟ, ಕಡಿದಾಳ್ ಮಂಜಪ್ಪನವರ ಆತ್ಮಕಥೆ ‘ನನಸಾಗದ ಕನಸು’, ಯು.ಆರ್. ಅನಂತಮೂರ್ತಿಯವರ ಕಾದಂಬರಿ ‘ಅವಸ್ಥೆ’ (1978) – ಈ ಮೂರೂ ಆಳುವವರ ಅಂತರಂಗವನ್ನು ನಮಗೆ ತೆರೆದು ತೋರಿಸುವ ಕೃತಿಗಳು. ಇವು ಏನನ್ನು ಕಾಣಿಸುತ್ತವೆ, ಏನನ್ನು ಕಾಣಿಸಲಾರದೆ ಹೋಗುತ್ತವೆ ಎಂಬುದನ್ನು ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರವನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಡಿ.ವಿ.ಜಿ.ಯವರಲ್ಲಿ ನಾಯಕತ್ವವೆಂದರೆ ಶೀಲ. ದಿವಾನರ ನಡೆನುಡಿ, ಸಂಯಮ, ಸೌಜನ್ಯಗಳೇ ಅವರ ಆಡಳಿತದ ಅಳತೆಗೋಲು. ‘ಅವಸ್ಥೆ’ಯಲ್ಲಿ ಅದು ಆತ್ಮಸಾಕ್ಷಿಯ ಸಂಕಟ. ಶಾಂತವೇರಿ ಗೋಪಾಲಗೌಡರ ವ್ಯಕ್ತಿತ್ವದ ನೆರಳಿನಲ್ಲಿ ಮೂಡಿದ ಕೃಷ್ಣಪ್ಪಗೌಡ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿರುವಾಗಲೇ ಮುಖ್ಯಮಂತ್ರಿ ಪದವಿ ಅವನ ಸಮೀಪಕ್ಕೆ ಬರುತ್ತದೆ; ಅಧಿಕಾರವನ್ನು ಮುಟ್ಟುವ ಮುನ್ನವೇ ಅದು ತನ್ನನ್ನು ಏನು ಮಾಡಿದೆ ಎಂದು ಅವನು ಕೇಳಿಕೊಳ್ಳಬೇಕಾಗುತ್ತದೆ. ಮಂಜಪ್ಪನವರದು ಮೂರನೆಯ ಸ್ಥಿತಿ. ಕಂದಾಯ ಮಂತ್ರಿಯಾಗಿ ಗೇಣಿದಾರರ ಪರ ನಿಂತು, 1956ರಲ್ಲಿ ಏಕೀಕರಣಕ್ಕೆ ಮುನ್ನ ಎರಡೂವರೆ ತಿಂಗಳಷ್ಟೇ ಮುಖ್ಯಮಂತ್ರಿಯಾಗಿದ್ದ ಅವರು ತಮ್ಮ ಬದುಕಿನ ಕಥೆಗೆ ಕೊಟ್ಟ ಹೆಸರೇ ಅಧಿಕಾರದ ಮಿತಿಯ ಒಪ್ಪಿಗೆಯಂತಿದೆ.

ಶೀಲ, ಸಂಕಟ, ಈಡೇರದ ಆಸೆ – ಮೂರೂ ವ್ಯಕ್ತಿಯ ಒಳಗಿನ ಸಂಗತಿಗಳು. ಆದರೆ ಮಂತ್ರಿಯ ನಿರ್ಧಾರ ಅವರ ಮನಸ್ಸಿನಲ್ಲಿ ಮುಗಿಯುವುದಿಲ್ಲ. ಅದು ಕಡತವಾಗಿ ಇಲಾಖೆಯ ಮೆಟ್ಟಿಲಿಳಿದು, ಅಧಿಸೂಚನೆಯಾಗಿ, ಕೊನೆಗೆ ಯಾರದೋ ಸರ್ವೆ ನಂಬರಿನ ಮೇಲೆ ಬಂದು ನಿಲ್ಲುತ್ತದೆ. ಈ ಎರಡನೆಯ ಪಯಣಕ್ಕೆ ನಮ್ಮಲ್ಲಿ ಕಥನವಿಲ್ಲ. ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿದೊಡನೆ ಸಿಗುವ, ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ ಅಂಥ ಪಯಣದ ಕೊನೆಯ ನಿಲ್ದಾಣಗಳಲ್ಲೊಂದು.

1972ರಿಂದ 1977ರವರೆಗಿನ ದೇವರಾಜ ಅರಸು ಅವರ ಮಂತ್ರಿಮಂಡಲವನ್ನು ಇಲ್ಲಿ ನೆನೆಯಬೇಕು. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಭೂ ನ್ಯಾಯಮಂಡಳಿಯ ಮುಂದೆ ನಿಂತು ತನ್ನ ಹಕ್ಕನ್ನು ಹೇಳಿಕೊಳ್ಳುವಂತಾಯಿತು. ಅದೇ ಮಂತ್ರಿಮಂಡಲದಲ್ಲಿ ಎಸ್.ಎಂ. ಕೃಷ್ಣ ಅವರು ಕೈಗಾರಿಕಾ ಮಂತ್ರಿಗಳು. 1976ರಲ್ಲಿ ಕಿಯೋನಿಕ್ಸ್ ಸ್ಥಾಪನೆಯಾಯಿತು. ಅದರ ಅಧ್ಯಕ್ಷರಾಗಿದ್ದ ಆರ್.ಕೆ. ಬಾಳಿಗಾ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೂಡಿತು. ತಜ್ಞನೊಬ್ಬನ ಕನಸನ್ನು ನಂಬಿ ಅದಕ್ಕೆ ಆಸರೆ ಕೊಡುವುದೂ ನಾಯಕತ್ವದ ಒಂದು ಮುಖವೇ, ಅದನ್ನು ಅಲ್ಲಗಳೆಯಬೇಕಿಲ್ಲ.

ಆದರೆ ಒಂದೇ ಸಂಪುಟದ ಎರಡು ಖಾತೆಗಳು ನೆಲವನ್ನು ನೋಡಿದ ಬಗೆ ಬೇರೆ ಬೇರೆ. ಕಂದಾಯ ಖಾತೆಯ ದೃಷ್ಟಿಯಲ್ಲಿ ನೆಲ ಉಳುವವನ ಹಕ್ಕು. ಕೈಗಾರಿಕಾ ಖಾತೆಯ ದೃಷ್ಟಿಯಲ್ಲಿ ಅದು ಹಂಚಬಹುದಾದ ನಿವೇಶನ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಅಧಿನಿಯಮದ 28ನೆಯ ಪ್ರಕರಣ ಇದಕ್ಕೆ ದಾರಿ. ಮೊದಲು ಸ್ವಾಧೀನದ ಉದ್ದೇಶವನ್ನು ಸಾರುವ ಅಧಿಸೂಚನೆ, ಬಳಿಕ ಒಡೆಯನಿಗೆ ನೋಟೀಸು, ಆಕ್ಷೇಪಣೆಯ ವಿಚಾರಣೆ, ಅಂತಿಮ ಘೋಷಣೆ. ಅಲ್ಲಿಗೆ ಜಮೀನು ಸರ್ಕಾರದ್ದು. ಬೊಮ್ಮಸಂದ್ರ ಕೈಗಾರಿಕಾ ಪ್ರದೇಶವೂ ಈ ಮಂಡಲಿಯ ಸೃಷ್ಟಿಯೇ. ಈ ವಿಧಿಯ ಯಾವ ಹಂತದಲ್ಲೂ ರೈತನಿಗೆ ಮಂತ್ರಿಯ ಮುಖ ಕಾಣುವುದಿಲ್ಲ, ಮಂತ್ರಿಗೆ ರೈತನ ಮುಖವೂ ಕಾಣುವುದಿಲ್ಲ. ಎಂಥ ಸಜ್ಜನ ಮಂತ್ರಿಯೂ ಇಲ್ಲಿ ಒಂದು ಸಹಿ ಮಾತ್ರ. ಶೀಲವನ್ನು ಅಳೆಯುವ ಡಿ.ವಿ.ಜಿ.ಯವರ ಮಾನದಂಡ ಇಲ್ಲಿ ಸೋಲುವುದು ಈ ಕಾರಣಕ್ಕೆ. ಕೃಷ್ಣಪ್ಪಗೌಡನ ಆತ್ಮಪರೀಕ್ಷೆಯೂ ಇಲ್ಲಿಗೆ ತಲುಪಲಾರದು. ಏಕೆಂದರೆ ಹೀಗೆ ಹಂತಹಂತವಾಗಿ ಹಂಚಿಹೋದ ನಿರ್ಧಾರಕ್ಕೆ ಪಾಪಪ್ರಜ್ಞೆ ಯಾರೊಬ್ಬರ ಪಾಲಿಗೂ ಪೂರ್ತಿಯಾಗಿ ಬರುವುದಿಲ್ಲ.

ಹೊಣೆ ಹೀಗೆ ಹಂಚಿಹೋದರೂ ಕೀರ್ತಿ ಮಾತ್ರ ಹಂಚಿಹೋಗುವುದಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಬರುವ ಸುಮಾರು 19 ಕಿ.ಮೀ. ಉದ್ದದ ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. 2014ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಈ ಹಂತ ಸಿದ್ದರಾಮಯ್ಯ, ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಪುನಃ ಸಿದ್ದರಾಮಯ್ಯ – ಹೀಗೆ ನಾಲ್ವರು ಮುಖ್ಯಮಂತ್ರಿಗಳ ಅವಧಿಗಳನ್ನು ಹಾದುಬಂದಿದೆ. ಪ್ರಾರಂಭಿಸಿದವರು, ಮುಂದುವರಿಸಿದವರು, ಹಸಿರು ಬಾವುಟ ತೋರಿದವರು ಬೇರೆ ಬೇರೆ. ಆದರೂ ಸಾರ್ವಜನಿಕ ಸ್ಮೃತಿ ಉದ್ಘಾಟನೆಯ ಶಿಲಾಫಲಕವನ್ನೇ ಓದುತ್ತದೆ. ಮಂತ್ರಿಗಳ ಆತ್ಮಕಥನ ಎಂಬ ಪ್ರಕಾರ ಎಚ್ಚರ ತಪ್ಪಿದರೆ ಇಂಥದೇ ಶಿಲಾಫಲಕದ ವಿಸ್ತರಣೆಯಾಗಿಬಿಡುತ್ತದೆ.

ಈ ಕೊರತೆಯಲ್ಲಿ ವಿಮರ್ಶೆಯ ಪಾಲೂ ಇದೆ. 1973ರಲ್ಲಿ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ ‘ಬೂಸಾ’ ಎಂಬ ಒಂದು ಮಾತಿಗಾಗಿ ಪದವಿ ತೊರೆಯಬೇಕಾಯಿತು. ಆ ಮಾತನ್ನು ಕುರಿತು ನಾವು ಬರೆದಷ್ಟು, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಅವರ ಆದೇಶವನ್ನು ಕುರಿತು ಬರೆಯಲಿಲ್ಲ. ಮಂತ್ರಿಯ ಮಾತು ನಮಗೆ ಪಠ್ಯವಾಯಿತು, ಆದೇಶ ಆಗಲಿಲ್ಲ. ಆದೇಶದಿಂದ ಬಿಡುಗಡೆ ಹೊಂದಿದವರೂ, ಅಧಿಸೂಚನೆಯಿಂದ ನೆಲ ಕಳೆದುಕೊಂಡವರೂ ಸಾಹಿತ್ಯದ ಹೊರಗೇ ಉಳಿದರು.

ಆದ್ದರಿಂದ ಮಂತ್ರಿಯ ನಾಯಕತ್ವವನ್ನು ಸಹಿ ಹಾಕುವ ಗಳಿಗೆಯ ಧೈರ್ಯದಿಂದಷ್ಟೇ ಅಳೆಯಲಾಗದು. ಸಹಿಯ ನಂತರ ಆ ಕಡತವನ್ನು ನೆಲದವರೆಗೆ ಹಿಂಬಾಲಿಸುವ ತಾಳ್ಮೆ ಅವರಿಗಿತ್ತೇ ಎಂಬುದನ್ನೂ ಕೇಳಬೇಕು. ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ದೇವರ ಕೆಲಸವನ್ನು ಪ್ರಶ್ನಿಸುವಂತಿಲ್ಲವೆಂದು ಆಳುವವರು ಅದನ್ನು ಓದಿಕೊಳ್ಳಬಹುದು; ಲೆಕ್ಕ ಒಪ್ಪಿಸಬೇಕಾದ ಕೆಲಸವೆಂದೂ ಓದಿಕೊಳ್ಳಬಹುದು. ಎರಡನೆಯ ಓದನ್ನು ಒತ್ತಾಯಿಸುವುದು ವಿಮರ್ಶೆಯ ಹೊಣೆ. ಬೊಮ್ಮಸಂದ್ರದಂಥ ಊರುಗಳನ್ನು ಪಠ್ಯವೆಂದು ಓದಲು ಕಲಿತಾಗ ಆ ಹೊಣೆ ಆರಂಭವಾದೀತು.