ಹಸುರಿನ ಮೇಲಿನ ಮೌನ

ಗಾಲ್ಫ್ ಆಟವನ್ನು ಬಲ್ಲೆವೆಂದು ಹೇಳಿಕೊಳ್ಳುವವರಲ್ಲಿಯೂ ಬಹುಮಂದಿ ಚೆಂಡು ಎಷ್ಟು ದೂರ ಹಾರಿತೆಂಬುದನ್ನೇ ಕೊಂಡಾಡುತ್ತಾರೆ. ಡ್ರೈವರೆಂಬ ಕ್ಲಬ್ಬಿನ ಹೊಡೆತಕ್ಕೆ ಇನ್ನೂರೈವತ್ತು ಗಜದಾಚೆ ಬಿದ್ದ ಚೆಂಡಿಗೆ ಸಲ್ಲುವ ಉದ್ಗಾರವು, ಕುಳಿಯ ಸುತ್ತಣ ನುಣುಪು ಹುಲ್ಲಿನ ಗ್ರೀನಿನ ಮೇಲೆ ಹದಿನೈದು ಅಡಿ ಉರುಳಿ, ಇಳಿಜಾರಿನ ಓರೆಗೆ ತಕ್ಕಂತೆ ಬಾಗಿ, ಕಡೆಗೆ ಕುಳಿಯೊಳಗೆ ಅಡಗುವ ಚೆಂಡಿಗೆ ಸಲ್ಲುವುದಿಲ್ಲ. ಎರಡೂ ಒಂದೊಂದೇ ಹೊಡೆತ, ಲೆಕ್ಕದ ಚೀಟಿಯಲ್ಲಿ ಎರಡಕ್ಕೂ ಒಂದೇ ಬೆಲೆ. ಈ ಸತ್ಯವನ್ನು ನಮ್ಮ ಕಾಲದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿ ತೋರಿದವಳು ದಕ್ಷಿಣ ಕೊರಿಯದ ಇನ್‌ಬೀ ಪಾರ್ಕ್ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಕೆಯ ಸ್ವಿಂಗನ್ನು ಮೊದಲ ಸಲ ನೋಡುವವನಿಗೆ ಆಶ್ಚರ್ಯವಾದೀತು. ಅಂಚಿನವರೆಗೆ ನೀರು ತುಂಬಿದ ಬಿಂದಿಗೆಯನ್ನು ತುಳುಕದಂತೆ ಎತ್ತುವವರ ಎಚ್ಚರದಿಂದ ಕ್ಲಬ್ಬು ನಿಧಾನವಾಗಿ, ಬಹುಮಟ್ಟಿಗೆ ನೆಟ್ಟಗೆ ಮೇಲೇರುತ್ತದೆ. ಮಣಿಕಟ್ಟು ಮಡಿಯಿತೋ ಇಲ್ಲವೋ ಎನ್ನುವಷ್ಟು ಅಲ್ಪವಾಗಿ ಮಡಿಯುತ್ತದೆ. ಪಾಠಪುಸ್ತಕದ ಚಿತ್ರಗಳಿಗೆ ಇದು ಹೊಂದುವುದಿಲ್ಲ. ಆದರೆ ಗ್ರೀನನ್ನು ತಲಪಿದ ಮೇಲೆ, ಎಡಗೈಯನ್ನು ಬಲಗೈಗಿಂತ ಕೆಳಗಿರಿಸಿ, ಚೆಂಡನ್ನು ಉರುಳಿಸುವ ಕ್ಲಬ್ಬಾದ ಪಟ್ಟರನ್ನು ಹಿಡಿದು ಆಕೆ ಬಾಗಿ ನಿಂತಳೆಂದರೆ, ಭುಜಗಳ ಆ ಮೃದುವಾದ ತೂಗಾಟದಲ್ಲಿ ಅವಸರದ ಲೇಶವೂ ಕಾಣದು. ಚೆಂಡು ಕುಳಿಯನ್ನು ಸೇರಿದಾಗಲೂ ತಪ್ಪಿದಾಗಲೂ ಮುಖದಲ್ಲಿ ಭೇದವಿಲ್ಲ. ಪತ್ರಿಕೆಗಳವರು ಆಕೆಯನ್ನು ಮೌನಹಂತಕಿ ಎಂದು ಕರೆದರು. ಆ ಹೆಸರು ನನಗೆ ಹಿಡಿಸದು. ಶ್ರುತಿ ಸೇರಿಸುವಾಗ ವೈಣಿಕನು ತಳೆಯುವ ಮೌನವೇ ಆಕೆಯ ಮೌನ. ಅದರಲ್ಲಿ ಹಿಂಸೆಯನ್ನು ಕಾಣುವುದು ನೋಡುವವರ ದೋಷ.

ಆಕೆ ಕ್ಲಬ್ಬು ಹಿಡಿದುದಕ್ಕೆ ಹಿನ್ನೆಲೆಯೊಂದುಂಟು. 1998ರ ಜುಲೈ ತಿಂಗಳಲ್ಲಿ, ಆರ್ಥಿಕ ಕುಸಿತದಿಂದ ಕೊರಿಯ ದೇಶವು ತತ್ತರಿಸುತ್ತಿದ್ದಾಗ, ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಬ್ಲ್ಯಾಕ್‌ವುಲ್ಫ್ ರನ್ ಮೈದಾನದಲ್ಲಿ ಪಾಕ್ ಸೆರಿ ಎಂಬ ತರುಣಿಯು ಬೂಟು ಕಾಲುಚೀಲಗಳನ್ನು ಕಳಚಿ, ನೀರಿಗಿಳಿದು, ದಂಡೆಯ ಹುಲ್ಲಿನಲ್ಲಿ ಸಿಲುಕಿದ್ದ ಚೆಂಡನ್ನು ಹೊರಕ್ಕೆ ಹೊಡೆದು, ಇಪ್ಪತ್ತು ಕುಳಿಗಳ ಹೆಚ್ಚುವರಿ ಆಟದ ಕೊನೆಗೆ ಯು.ಎಸ್. ವಿಮೆನ್ಸ್ ಓಪನ್ ಪ್ರಶಸ್ತಿಯನ್ನು ಗೆದ್ದಳು. ಆ ದೃಶ್ಯವನ್ನು ದೂರದರ್ಶನದಲ್ಲಿ ಕಂಡು ಕ್ಲಬ್ಬು ಹಿಡಿದ ಕೊರಿಯದ ಹೆಣ್ಣುಮಕ್ಕಳ ಒಂದು ಪೀಳಿಗೆಯೇ ಉಂಟು. ಹತ್ತು ತುಂಬದ ಇನ್‌ಬೀ ಅವರಲ್ಲೊಬ್ಬಳು. ಹತ್ತು ವರ್ಷಗಳ ತರುವಾಯ, 2008ರಲ್ಲಿ, ಮಿನೆಸೋಟದ ಇಂಟರ್‌ಲಾಕನ್ ಮೈದಾನದಲ್ಲಿ ಅದೇ ಪ್ರಶಸ್ತಿಯನ್ನು ಆಕೆ ಗೆದ್ದಾಗ ವಯಸ್ಸು ಹತ್ತೊಂಬತ್ತು. ಅಷ್ಟು ಕಿರಿಯಳು ಅದನ್ನು ಅದಕ್ಕೆ ಮುನ್ನ ಗೆದ್ದಿರಲಿಲ್ಲ.

ಅನಂತರದ ನಾಲ್ಕು ವರ್ಷ ಮಹಿಳಾ ವೃತ್ತಿಪರರ ಎಲ್‌ಪಿಜಿಎ ಸರಣಿಯಲ್ಲಿ ಆಕೆಗೆ ಒಂದು ಜಯವೂ ಇಲ್ಲ. ತಾನೂ ವೃತ್ತಿಪರ ಆಟಗಾರನಾಗಿದ್ದ ನಾಮ್ ಗಿಹ್ಯೋಪ್, ಆಕೆಯ ಭಾವೀಪತಿ, ಜೊತೆಯಲ್ಲಿ ತಿರುಗುತ್ತ ಆ ವಿಚಿತ್ರ ಸ್ವಿಂಗನ್ನು ಕೆಡಿಸದೆಯೇ ತಿದ್ದಿದನು. 2012ರಲ್ಲಿ ಫ್ರಾನ್ಸಿನ ಎವಿಯನ್ ಮಾಸ್ಟರ್ಸ್ ಆಕೆಯದಾಯಿತು. ಮುಂದಿನ ವರ್ಷ, ಮೇಜರ್ ಎನಿಸುವ ಅತಿ ಪ್ರತಿಷ್ಠಿತ ಪಂದ್ಯಾವಳಿಗಳಲ್ಲಿ ಮೊದಲ ಮೂರನ್ನೂ ಒಂದಾದ ಮೇಲೊಂದರಂತೆ ಆಕೆಯೇ ಗೆದ್ದಳು. 1950ರಲ್ಲಿ ಬೇಬ್ ಜಹಾರಿಯಸ್ ಗೆದ್ದುದನ್ನು ಬಿಟ್ಟರೆ ಬೇರಾವ ಮಹಿಳೆಗೂ ಅದು ಸಾಧ್ಯವಾಗಿರಲಿಲ್ಲ. ನಾಲ್ಕನೆಯದಕ್ಕೆಂದು ಸೇಂಟ್ ಆಂಡ್ರೂಸಿಗೆ ಹೋದಾಗ ಆಕೆ ಬಹು ಹಿಂದುಳಿದಳು. ಆದರೆ ಬ್ರಿಟಿಷ್ ಓಪನ್ನಿನ ಆ ಕೊರತೆಯನ್ನು 2015ರಲ್ಲಿ ಟರ್ನ್‌ಬೆರಿಯಲ್ಲಿ, ಮೂರು ಹೊಡೆತಗಳಷ್ಟು ಹಿಂದಿನಿಂದ ಹೊರಟು, ಕೊನೆಯ ದಿನ 65 ಹೊಡೆತಗಳಲ್ಲಿ ಆಟ ಮುಗಿಸಿ, ಮೂರು ಹೊಡೆತಗಳಷ್ಟು ಮುಂದೆ ನಿಂತು ತೀರಿಸಿದಳು. ನಾಲ್ಕು ಬೇರೆ ಬೇರೆ ಮೇಜರ್‌ಗಳು ಅಂದಿಗೆ ಪೂರ್ಣವಾದುವು. 2013ರಿಂದ ಎವಿಯನ್ ಕೂಡ ಐದನೆಯ ಮೇಜರ್ ಆಗಿದ್ದುದರಿಂದ ಈ ಸಾಧನೆ ಅಪೂರ್ಣವೆಂದು ವಾದಿಸಿದವರುಂಟು; ಆಕೆ ಅಲ್ಲಿ ಗೆದ್ದ ವರ್ಷ ಅದಕ್ಕೆ ಆ ಪದವಿ ಇರಲಿಲ್ಲವಷ್ಟೆ. ಪದವಿಯನ್ನು ಮರುವರುಷ ಕೊಟ್ಟವರ ತಡವನ್ನು ಆಟಗಾರ್ತಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವೆಂದು ನಾನು ಒಪ್ಪಲಾರೆ.

2016ರಲ್ಲಿ ಎಡಗೈಯ ಹೆಬ್ಬೆರಳಿಗೆ ನೋವು. ಒಲಿಂಪಿಕ್ಸಿಗೆ ಆಕೆ ಹೋಗುವುದೇ ತಪ್ಪೆಂದು ತಾಯ್ನಾಡಿನಲ್ಲಿಯೇ ಮಾತುಗಳೆದ್ದುವು. ಮಹಿಳೆಯರ ಗಾಲ್ಫ್ 116 ವರ್ಷಗಳ ಬಳಿಕ ಮರಳಿ ಬಂದಿದ್ದ ರಿಯೋದಲ್ಲಿ ಆಕೆ 66, 66, 70, 66ರಂತೆ ಆಡಿ, ಐದು ಹೊಡೆತಗಳ ಅಂತರದಿಂದ ಸ್ವರ್ಣಪದಕವನ್ನು ಪಡೆದಳು. ಕೊರಿಯದ ತಂಡಕ್ಕೆ ಅಂದು ಮಾರ್ಗದರ್ಶಿಯಾಗಿ ನಿಂತಿದ್ದವಳು ಪಾಕ್ ಸೆರಿ. ಕೊನೆಯ ಪಟ್ ಕುಳಿಗೆ ಬಿದ್ದೊಡನೆ ಇನ್‌ಬೀ ಎರಡೂ ಕೈಗಳನ್ನು ಮೇಲಕ್ಕೆತ್ತಿದಳು. ಉಳಿದವರಿಗೆ ಅದು ಸಾಮಾನ್ಯ ಚೇಷ್ಟೆ. ಆಕೆಯಲ್ಲಿ ಅದನ್ನು ಕಂಡಾಗ ನನ್ನ ಕಣ್ಣು ತೇವಗೊಂಡಿತು.

ಅದೇ ಮೈದಾನದಲ್ಲಿ ಅದೇ ವಾರ ಬೆಂಗಳೂರಿನ ಹದಿನೆಂಟರ ಹುಡುಗಿ ಅದಿತಿ ಅಶೋಕ್ ಕೂಡ ಆಡಿದ್ದಳು. ಐದು ವರ್ಷಗಳ ಮೇಲೆ ಟೋಕಿಯೋದಲ್ಲಿ, ದೂರಕ್ಕೆ ಹೊಡೆಯುವುದರಲ್ಲಿ ಎಲ್ಲರಿಗಿಂತ ಹಿಂದಿದ್ದವರ ಪೈಕಿಯಲ್ಲಿದ್ದೂ, ಕೇವಲ ಪಟ್ಟರಿನ ಬಲದಿಂದ ಆಕೆ ನಾಲ್ಕನೆಯ ಸ್ಥಾನಕ್ಕೇರಿದಳು. ಪದಕ ತಪ್ಪಿದ್ದು ಒಂದು ಹೊಡೆತದಿಂದ. ಆದ್ದರಿಂದ ನಮ್ಮೂರ ಗಾಲ್ಫ್ ಮೈದಾನಗಳಿಗೆ ಮಕ್ಕಳನ್ನು ಕರೆತರುವ ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ: ಮಗುವಿನ ಕೈಗೆ ಮೊದಲು ಪಟ್ಟರನ್ನು ಕೊಡಿ, ಡ್ರೈವರಿಗೆ ಇನ್ನೂ ವಯಸ್ಸಿದೆ.