ಏಣುಗಳ ಸರದಿ

ಹೂವಿನಹಡಗಲಿ ಸೀಮೆಯ ನೆಲದಡಿಯ ನೈಸ್ ಮತ್ತು ಗ್ರಾನೈಟ್ ಶಿಲೆಗಳು ಬಹುಪಾಲು 250 ಕೋಟಿ ವರ್ಷಗಳಿಗೂ ಹಿಂದಿನವು. ಜೀವಿಗಳು ಮೈಮೇಲೆ ಸುಣ್ಣದ ಕವಚ ಕಟ್ಟಿಕೊಳ್ಳಲು ತೊಡಗಿದ್ದು ಸುಮಾರು 55 ಕೋಟಿ ವರ್ಷಗಳ ಹಿಂದೆಯಷ್ಟೇ ಆದುದರಿಂದ, ಇಲ್ಲಿನ ಬಂಡೆಗಳಲ್ಲಿ ಚಿಪ್ಪಿನ ಪಳೆಯುಳಿಕೆಯನ್ನು ಅರಸಿ ಫಲವಿಲ್ಲ. ಕಡಲಚಿಪ್ಪುಗಳ ಆಸಕ್ತರು ನೋಡಬೇಕಾದ ನೆಲವೆಂದರೆ ತಮಿಳುನಾಡಿನ ಅರಿಯಲೂರು. ಇಂದು ಸಿಮೆಂಟಿಗಾಗಿ ಸುಣ್ಣಕಲ್ಲು ಅಗೆಯುವ ಆ ಪ್ರದೇಶವನ್ನು ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ ಡೈನೋಸಾರುಗಳ ಕೊನೆಯ ಕಾಲದಲ್ಲಿ, ಕಡಲು ಆವರಿಸಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಫರ್ಡಿನಾಂಡ್ ಸ್ಟೋಲಿಚ್ಕಾ ಅಲ್ಲಿನ ಎರಡು ಹೋಳಿನ ಚಿಪ್ಪುಗಳನ್ನು 1871ರಲ್ಲಿ ಮುಗಿದ ಸಂಪುಟವೊಂದರಲ್ಲಿ ವರ್ಣಿಸಿದರು. ಒಂದೂವರೆ ಶತಮಾನ ಕಳೆದರೂ ಆ ಕೃತಿಯನ್ನು ಬದಿಗಿಟ್ಟು ಈ ಅಧ್ಯಯನ ಮುಂದೆ ಸಾಗದು.

ಆ ಪದರಗಳಲ್ಲಿ ಸಿಗುವ ನೀಥಿಯಾ ಎಂಬ ಕುಲ ಸ್ಕ್ಯಾಲಪ್‌ಗಳ ಬಳಗಕ್ಕೆ ಸೇರಿದ್ದು. ಸ್ಕ್ಯಾಲಪ್ ಎಂದರೆ ಬೀಸಣಿಗೆಯಂತೆ ಹರಡಿದ, ಮೇಲ್ಮೈಯಲ್ಲಿ ಏಣುಗಳು ಎದ್ದಿರುವ ಕಡಲಚಿಪ್ಪು. ತುಂಗಭದ್ರೆಯ ಮರಳಿನಲ್ಲಿ ಸಿಗುವ ಸಿಹಿನೀರಿನ ಕಪ್ಪೆಚಿಪ್ಪಿನೊಂದಿಗೆ ಇದನ್ನಿಟ್ಟು ನೋಡಿದರೆ ವ್ಯತ್ಯಾಸ ಒಳಗಿನಿಂದಲೇ ತೊಡಗುತ್ತದೆ: ಹೊಳೆಯ ಚಿಪ್ಪಿನ ಒಳಮೈ ಮುತ್ತಿನಂತೆ ಹೊಳೆಯುತ್ತದೆ, ಹೋಳುಗಳನ್ನು ಬಿಗಿದು ಮುಚ್ಚುತ್ತಿದ್ದ ಸ್ನಾಯುಗಳ ಗುರುತುಗಳು ಎರಡು ತುದಿಗಳಲ್ಲಿ ಎರಡಿರುತ್ತವೆ; ಸ್ಕ್ಯಾಲಪ್‌ನಲ್ಲಾದರೋ ನಡುವಿನ ಸಮೀಪದಲ್ಲಿ ಒಂದೇ ಒಂದು ದೊಡ್ಡ ಗುರುತಿರುತ್ತದೆ.

ನೀಥಿಯಾದ ಎರಡು ಹೋಳುಗಳು ಒಂದರಂತೆ ಒಂದಿಲ್ಲ. ಬಲಹೋಳು ಆಳವಾಗಿ ಉಬ್ಬಿ, ಅದರ ಕೊಕ್ಕು, ಅಂದರೆ ಚಿಪ್ಪು ಬೆಳೆಯಲು ತೊಡಗಿದ ತುದಿ, ಕೀಲಿನ ಗೆರೆಯನ್ನು ದಾಟಿ ಒಳಕ್ಕೆ ಬಾಗಿರುತ್ತದೆ. ಎಡಹೋಳು ಚಪ್ಪಟೆಯಾಗಿರುತ್ತದೆ, ಇಲ್ಲವೇ ಸ್ವಲ್ಪ ಒಳಕ್ಕೆ ತಗ್ಗಿರುತ್ತದೆ. ಉಬ್ಬಿದ ಹೋಳನ್ನು ಕೆಳಗೆ ಮಾಡಿ ಈ ಜೀವಿ ಕಡಲತಳದ ಮರಳಿನ ಮೇಲೆ ಒರಗಿ ಬಾಳಿತೆಂದು ತಜ್ಞರು ತರ್ಕಿಸುವುದು ಈ ರಚನೆಯಿಂದಲೇ.

ಜಾತಿಯನ್ನು ಹೇಳುವುದು ಏಣುಗಳು. ಇಂಗ್ಲೆಂಡಿನ ಮಾದರಿಗಳಿಂದ ಜೇಮ್ಸ್ ಸೋವರ್ಬಿ 1814ರಲ್ಲಿ ಹೆಸರಿಸಿದ ನೀಥಿಯಾ ಕ್ವಿಂಕ್ವಿಕೋಸ್ಟಾಟಾದಲ್ಲಿ ಆರು ಹಿರಿಯ ಏಣುಗಳು ಕೊಕ್ಕಿನಿಂದ ಅಂಚಿನವರೆಗೆ ಹರಡಿ, ಅಂಚನ್ನು ಕೋನಕೋನವಾಗಿ ಹೊರಕ್ಕೆ ನೂಕುತ್ತವೆ. ಎರಡು ಹಿರಿಯ ಏಣುಗಳ ನಡುವಣ ತಗ್ಗಿನಲ್ಲಿ ನಾಲ್ಕು ಕಿರಿಯ ಏಣುಗಳು ಸಾಲಾಗಿರುತ್ತವೆ. ಇದರ ಬಂಧುವಾದ ಕ್ವಾಡ್ರಿಕೋಸ್ಟಾಟಾದಲ್ಲಿ ಆ ಜಾಗದಲ್ಲಿ ಮೂರೇ ಇರುವುದು. ಆದುದರಿಂದ ಅಂಚಿನ ಉದ್ದಕ್ಕೂ ಒಟ್ಟು ಏಣುಗಳನ್ನು ಎಣಿಸುತ್ತ ಹೋಗುವುದಕ್ಕಿಂತ, ಅಂಚು ಮುರಿದ ತುಂಡೊಂದರಲ್ಲಾದರೂ ಹಿರಿ ಏಣಿನಿಂದ ಮುಂದಿನ ಹಿರಿ ಏಣಿನವರೆಗಿನ ಸರದಿಯನ್ನು ಓದುವುದೇ ಮೇಲು. ಬೆಳವಣಿಗೆಯ ಗೆರೆಗಳು ಏಣುಗಳನ್ನು ಅಡ್ಡಲಾಗಿ ಹಾಯುವ ಎಡೆಗಳನ್ನು ಭೂತಗನ್ನಡಿ ಹಿಡಿದು ನೋಡುವ ತಾಳ್ಮೆಯೂ ಬೇಕು, ಏಕೆಂದರೆ ಸವೆದ ಚಿಪ್ಪಿನಲ್ಲಿ ಮೊದಲು ಅಳಿಸಿಹೋಗುವುದು ಈ ನವಿರು ಗೆರೆಗಳೇ.

ಕೊಕ್ಕಿನ ಎರಡೂ ಬದಿಗಳಲ್ಲಿ ಕೀಲಿನ ಗೆರೆಯುದ್ದಕ್ಕೂ ಚಾಚಿರುವ ತೆಳುಭಾಗಗಳಿಗೆ ಕಿವಿಗಳೆಂದು ಹೆಸರು. ಅನೇಕ ಸ್ಕ್ಯಾಲಪ್‌ಗಳಲ್ಲಿ ಬಲಹೋಳಿನ ಮುಂಗಿವಿಯ ಕೆಳಗೆ ಒಂದು ಕಚ್ಚು ಇರುತ್ತದೆ. ಜೀವಿ ತನ್ನನ್ನು ಬಂಡೆಗೆ ಕಟ್ಟಿಹಾಕಿಕೊಳ್ಳುವ ಎಳೆಗಳನ್ನು ಹೊರಚಾಚುವುದು ಇಲ್ಲಿಂದಲೇ. ವರ್ಗೀಕರಣಕ್ಕೆ ಇಷ್ಟು ಬೆಲೆಯುಳ್ಳ ಈ ಕಿವಿಗಳೇ ಕಲ್ಲಿನಿಂದ ಚಿಪ್ಪನ್ನು ಬಿಡಿಸುವಾಗ ಎಲ್ಲಕ್ಕಿಂತ ಮೊದಲು ಮುರಿಯುತ್ತವೆ. ಹೀಗಾಗಿ ಉಳಿಯನ್ನು ಕೊಕ್ಕಿನ ಕಡೆಯಿಂದ ಹಚ್ಚದೆ, ಅಂಚಿನ ಕಡೆಯಿಂದ ಕಲ್ಲನ್ನು ಸಡಿಲಿಸಿ, ಕಿವಿಗಳ ಸುತ್ತಲಿನ ಕಣಗಳನ್ನು ಸೂಜಿಯಿಂದ ಕೊನೆಗೆ ತೆಗೆಯಬೇಕು.

ಸ್ಕ್ಯಾಲಪ್‌ನ ಹೊರಪದರ ಕ್ಯಾಲ್ಸೈಟ್ ಎಂಬ, ಸುಲಭವಾಗಿ ಕರಗದ ಬಗೆಯ ಸುಣ್ಣದ ಖನಿಜದ್ದು. ಅರಗೊನೈಟ್ ಎಂಬ ಬಗೆಯಿಂದಾದ ಚಿಪ್ಪುಗಳು ನೀರಿನಲ್ಲಿ ಬೇಗ ಕರಗಿ, ಒಳಗೆ ತುಂಬಿದ್ದ ಕೆಸರಿನ ಅಚ್ಚನ್ನಷ್ಟೇ ಉಳಿಸಿದ ಪದರಗಳಲ್ಲೂ ಇದು ತನ್ನ ಏಣುಗಳ ಸಮೇತ ನಿಲ್ಲುತ್ತದೆ. ಎಂದಾದರೂ ಚಿಪ್ಪೇ ಹೋಗಿ ಒಳಅಚ್ಚು ಮಾತ್ರ ದೊರೆತರೆ, ಅದರ ಮೇಲೆ ಹಿರಿಯ ಏಣುಗಳ ಉಬ್ಬುತಗ್ಗು ಕಾಣಬಹುದೇ ಹೊರತು ಕಿರಿಯ ಏಣುಗಳ ಎಣಿಕೆಯನ್ನು ನಂಬಲಾಗದು; ಅಂಥ ಮಾದರಿಯ ಚೀಟಿಯ ಮೇಲೆ ಕುಲದ ಹೆಸರನ್ನಷ್ಟೇ ಬರೆದು ಜಾತಿಯ ಸ್ಥಾನವನ್ನು ಖಾಲಿ ಬಿಡುವುದು ಸರಿಯಾದ ಪದ್ಧತಿ.